ಸಹಾಯ ಬೇಕು: ಕಸಿ ಮಾಡಿದ ನೆಲ್ಲಿ ಗಿಡವನ್ನು ಬೋನ್ಸಾಯ್ ಮಾಡಲು ಎಲ್ಲಿ ಕತ್ತರಿಸಬೇಕು?

ನಮಸ್ಕಾರ. ನರ್ಸರಿಯಿಂದ ತಂದ ಬೆಟ್ಟದ ನೆಲ್ಲಿ, ಎತ್ತರ 4 ಅಡಿ, ಬುಡ ಹೆಬ್ಬೆರಳು ದಪ್ಪ. ಕಸಿ ಗಂಟು (ಎರಡು ಗಿಡ ಕೂಡಿಸಿದ ಜಾಗ) ಮಣ್ಣಿನಿಂದ 6 ಇಂಚು ಮೇಲೆ ಉಬ್ಬಿದೆ, ಮೇಲಿನ ತೊಗಟೆಯ ಬಣ್ಣವೂ ಬೇರೆ. ಬೋನ್ಸಾಯ್‌ಗೆ ಇದು ದೊಡ್ಡ ಕುಂದು, ತಂತಿ ಕಟ್ಟಿ ಬಗ್ಗಿಸಿ ಸರಿಪಡಿಸುವಂಥದ್ದಲ್ಲ. ಹಣ್ಣಿನ ತಳಿ ಮುಖ್ಯವಲ್ಲದ ಕಾರಣ, ಗಂಟಿನ ಕೆಳಗೆ 4 ಇಂಚಿಗೆ ಕತ್ತರಿಸಿ ಬೇರುಸಸಿಯ (ಕಸಿಗೆ ಬುಡವಾದ ಕೆಳಗಿನ ಗಿಡದ) ಚಿಗುರನ್ನೇ ಬೆಳೆಸುವ ಯೋಚನೆ. ಎಲೆ ಉದುರಿ ಮೊಗ್ಗು ಉಬ್ಬುವ ಹೊತ್ತಿಗೆ ಮಾಡಬೇಕೆಂದಿದ್ದೇನೆ.

ತಾಯಿಬೇರು ಕವರಿನ ತಳದಲ್ಲಿ ಸುರುಳಿ ಸುತ್ತಿದೆ. ಅದನ್ನು ಕತ್ತರಿಸದೆ ಬುಡದ ಸುತ್ತ ಅಡ್ಡಬೇರು ಹರಡುವುದಿಲ್ಲ. ಆದರೆ ಕಾಂಡ, ಬೇರು ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕಾಂಡದಲ್ಲಿ ಉಳಿದ ಶಕ್ತಿಯಿಂದ ಚಿಗುರೇನೋ ಬರುತ್ತದೆ, ನೀರೆಳೆಯುವ ಬೇರಿಲ್ಲದೆ ಆಮೇಲೆ ಬಾಡಬಹುದು. ನೆಲ್ಲಿಯಲ್ಲಿ ಒಂದೇ ಸಲ ಮಾಡಿ ಗೆದ್ದವರಿದ್ದೀರಾ, ಇಲ್ಲ ಬೇರನ್ನು ಮುಂದಿನ ವರ್ಷಕ್ಕೆ ಬಿಡಲೇ?

ಇನ್ನೊಂದು. ನೆಲ್ಲಿಯ ಎಲೆ ಹೊತ್ತ ಕಿರುಕಡ್ಡಿಗಳು ಎಲೆಯ ಜೊತೆಗೇ ಉದುರುತ್ತವೆ, ಅವಕ್ಕೆ ತಂತಿ ಸುತ್ತಿ ಫಲವಿಲ್ಲ. ಉಳಿಯುವ ರೆಂಬೆಯ ಚಿಗುರನ್ನು ಎಳೆಯದರಲ್ಲೇ ಗುರುತಿಸುವುದು ಹೇಗೆ? ಹತ್ತಿರದಿಂದ ತೆಗೆದ ಫೋಟೋ ಇದ್ದರೆ ದಯವಿಟ್ಟು ಹಾಕಿ.