ಶುಗರ್ ಮಾತ್ರೆ ಲ್ಯಾಬಲ್ಲಿ ಸರಿ ಬಂತು, ಪ್ಲಾಂಟಲ್ಲಿ ಕೈಕೊಟ್ಟಿತು. ಟೆಕ್ ಟ್ರಾನ್ಸ್‌ಫರ್‌ನಲ್ಲಿರುವವರು ಯಾರಾದರೂ ಇದ್ದೀರಾ?

ಹೊಸ_ಎಂಫಾರ್ಮ

ಎಲ್ಲರಿಗೂ ನಮಸ್ಕಾರ. ಎಂ.ಫಾರ್ಮ ಮುಗಿಸಿ ಬೆಂಗಳೂರಿನ ಒಂದು ಕಂಪನಿಯ ಟೆಕ್ ಟ್ರಾನ್ಸ್‌ಫರ್ ತಂಡಕ್ಕೆ (ಲ್ಯಾಬಲ್ಲಿ ಮಾಡಿದ್ದನ್ನು ಪ್ಲಾಂಟಲ್ಲಿ ದೊಡ್ಡದಾಗಿ ಮಾಡುವಂತೆ ದಾಟಿಸುವ ಕೆಲಸ) ಸೇರಿ ನಾಲ್ಕು ತಿಂಗಳಾಯಿತು. ಹೆಸರು ಕೇಳಬೇಡಿ. ಕೈಗೆ ಬಂದ ಮೊದಲ ಪ್ರಾಡಕ್ಟೇ ಮೆಟ್‌ಫಾರ್ಮಿನ್ 500 ಎಸ್‌ಆರ್, ಅಂದರೆ ಔಷಧವನ್ನು ಮೆಲ್ಲಗೆ ಬಿಡುವ ಶುಗರ್ ಮಾತ್ರೆ. ಆರ್ ಆ್ಯಂಡ್ ಡಿಯಲ್ಲಿ 3 ಕೆಜಿ ಬ್ಯಾಚ್ ಮೂರು ಸಲ ತೆಗೆದಿದ್ದರು, ಮೂರೂ ಚೆನ್ನಾಗಿ ಬಂದಿದ್ದವು. ಅದೇ ಪೇಪರ್, ಅದೇ ಸಪ್ಲೈಯರ್, ಅದೇ ಎಚ್‌ಪಿಎಂಸಿ (ಔಷಧ ಮೆಲ್ಲಗೆ ಬಿಡುವಂತೆ ಮಾಡುವ ಪುಡಿ) ತೆಗೆದುಕೊಂಡು ಪ್ಲಾಂಟಿಗೆ ಹೋಗಿ 150 ಕೆಜಿ ಟ್ರಯಲ್ ಹಾಕಿದೆವು. ಕಂಪ್ರೆಷನ್ ಮಷೀನಿನಿಂದ ಬೀಳುವ ಮಾತ್ರೆಗಳ ತಲೆ ಟೋಪಿ ಥರ ಕಳಚಿ ಬರುತ್ತಿದೆ. ಉಳಿದವನ್ನು ಡಿಸಲ್ಯೂಷನ್‌ಗೆ (ಕರಗುವ ಪರೀಕ್ಷೆಗೆ) ಹಾಕಿದರೆ ಔಷಧ ಬಿಡೋದು ಲ್ಯಾಬ್ ಬ್ಯಾಚಿಗಿಂತ ನಿಧಾನ.

ಪುಡಿಗೆ ನೀರು ಹಾಕಿ ಕಲಸಿ ಕಾಳು ಕಟ್ಟುವ ಮಷೀನು ಆರ್‌ಎಂಜಿ, ಲ್ಯಾಬಲ್ಲಿ 10 ಲೀಟರಿನದು, 240 ಆರ್‌ಪಿಎಂ. ಪ್ಲಾಂಟಿನದು 600 ಲೀಟರ್, ಅದು ಅಷ್ಟು ಓಡಲ್ಲ, 100ರಲ್ಲಿ ಓಡಿಸಿದೆವು. ನೀರು ಹಾಕಿದ ಮೇಲೆ ಕಲಸಿದ್ದು ಎರಡೂ ಕಡೆ 3 ನಿಮಿಷವೇ. ಎಫ್‌ಬಿಡಿಯಲ್ಲಿ (ಬಿಸಿಗಾಳಿಯಿಂದ ಒಣಗಿಸುವ ಮಷೀನು) 60 ಡಿಗ್ರಿ, 40 ನಿಮಿಷ.

ಆರ್ ಆ್ಯಂಡ್ ಡಿಯವರು "ನಮ್ಮ ಡಾಕ್ಯುಮೆಂಟ್ ಸರಿ ಇದೆ" ಅನ್ನುತ್ತಾರೆ. ಪ್ರೊಡಕ್ಷನ್‌ನವರು "ನೀವು ಬರೆದ ಹಾಗೇ ಮಾಡಿದ್ದೇವೆ" ಅನ್ನುತ್ತಾರೆ. ಮಧ್ಯೆ ನಾನು. ನಮ್ಮದು ಬರೀ ಪೋಸ್ಟ್‌ಮ್ಯಾನ್ ಕೆಲಸವಾ?

ಗ್ರಾನ್ಯುಲೇಷನ್_ಗೌಡ

ತಮ್ಮಾ, ಮೊದಲು 100 ಆರ್‌ಪಿಎಂ ಅಂದರೆ ನಿಧಾನ ಅನ್ನೋದನ್ನ ತಲೆಯಿಂದ ತೆಗಿ. ಆರ್‌ಪಿಎಂ ನೋಡಬೇಡ, ರೆಕ್ಕೆಯ ತುದಿ ಎಷ್ಟು ಜೋರಾಗಿ ಓಡುತ್ತೆ ನೋಡು. ಲ್ಯಾಬ್ ಮಷೀನಿನ ರೆಕ್ಕೆ ಸುಮಾರು 25 ಸೆಂಟಿಮೀಟರ್ ಅಗಲ ಅಂತ ಇಟ್ಟುಕೋ. 240ಕ್ಕೆ ತುದಿಯ ವೇಗ ಸೆಕೆಂಡಿಗೆ 3.1 ಮೀಟರ್. ಪ್ಲಾಂಟಿನದು 1 ಮೀಟರ್ ಇದ್ದರೆ 100ಕ್ಕೇ 5.2 ಮೀಟರ್ ಆಯಿತು. ನಿಧಾನ ಮಾಡಿದ್ದೀವಿ ಅಂದುಕೊಂಡು ಒಂದೂವರೆ ಪಟ್ಟಿಗಿಂತ ಜೋರಾಗಿ ಬಡಿದಿದ್ದೀರಿ. ಲ್ಯಾಬಿನ ಲೆಕ್ಕಕ್ಕೆ ಹೊಂದಬೇಕಾದರೆ ಅಲ್ಲಿ 60ರ ಆಸುಪಾಸು ಸಾಕಿತ್ತು. ಬಡಿದಷ್ಟೂ ಕಾಳು ಗಟ್ಟಿಯಾಗುತ್ತೆ, ಒಳಗೆ ನೀರು ಹೋಗಲು ಜಾಗವಿರಲ್ಲ, ಔಷಧ ಹೊರಗೆ ಬರೋದೂ ತಡ. ನಿನ್ನ ಡಿಸಲ್ಯೂಷನ್ ಕಥೆ ಬಹುಶಃ ಇದೇ.

ಟೋಪಿ ಕಳಚೋದು ಬೇರೆ ಕಥೆ. ಮೆಟ್‌ಫಾರ್ಮಿನ್‌ಗೆ ಸ್ವಲ್ಪ ಪಸೆ ಬೇಕು. ತೀರಾ ಒಣಗಿಸಿದರೆ ಅದು ಒಂದಕ್ಕೊಂದು ಹಿಡಿದುಕೊಳ್ಳಲ್ಲ, ಪಂಚ್ (ಒತ್ತುವ ಅಚ್ಚು) ಮೇಲೆ ಎದ್ದ ತಕ್ಷಣ ತಲೆ ಹಾರುತ್ತೆ. ಅದರಲ್ಲೂ ಮಾತ್ರೆಯಲ್ಲಿ ದೊಡ್ಡ ಪಾಲು ಔಷಧವೇ ತುಂಬಿರುತ್ತೆ, ಬೈಂಡರ್ (ಅಂಟು) ಎಷ್ಟು ಅಂತ ಹಾಕ್ತೀಯ? "40 ನಿಮಿಷ" ಅಂತ ಗಡಿಯಾರ ನೋಡಿ ಒಣಗಿಸಿದ್ದೀರಿ ಅಲ್ವಾ, ಅದೇ ತಪ್ಪು. ಎರಡು ಎಫ್‌ಬಿಡಿಯ ಗಾಳಿ ಒಂದೇ ಇರಲ್ಲ. ಪ್ರಾಡಕ್ಟ್ ಟೆಂಪರೇಚರ್ ನೋಡು, ಎಲ್‌ಒಡಿ (ಒಣಗಿಸಿದ ಮೇಲೆ ಶೇಕಡಾ ಎಷ್ಟು ಪಸೆ ಉಳಿದಿದೆ ಅನ್ನೋದು) ನೋಡು. ಎಷ್ಟು ಬಂದಿತ್ತು?

ನನಗೂ ಹೀಗೇ ಆಗಿತ್ತು. ಬೀದರ್ ಕಡೆಯ ಒಂದು ಪ್ಲಾಂಟಲ್ಲಿ ಎರಡು ಬ್ಯಾಚ್ ಹಾಳು ಮಾಡಿದ ಮೇಲೆ ಅಲ್ಲಿನ ಹಳೇ ಆಪರೇಟರ್ ಒಬ್ಬರು ಆರ್‌ಎಂಜಿ ನಿಲ್ಲಿಸಿ, ಗ್ಲೌಸ್ ಹಾಕಿದ ಕೈಯಲ್ಲಿ ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ, ಹೆಬ್ಬೆರಳಿಂದ ಒತ್ತಿ ತೋರಿಸಿದರು. ಚೆನ್ನಾಗಿ ಎರಡು ಹೋಳಾಗಿ ಮುರಿಯಬೇಕು, ಪುಡಿಯಾಗಬಾರದು, ಬೆರಳಿಗೆ ಅಂಟಬಾರದು. ಚಕ್ಕುಲಿ ಹಿಟ್ಟಿನ ಹದ, ಅಷ್ಟೇ. "ಸರ್, ಇದು ಒಂದೂವರೆ ನಿಮಿಷದಾಗ ಆಗೇ ಹೋಗ್ತದ, ನಿಮ್ಮ ಪೇಪರ್‌ನ್ಯಾಗ ಮೂರು ಅದ, ಅದಕ್ಕ ಬಿಟ್ಟೆ" ಅಂದರು. ಅವರನ್ನು ಅಲ್ಲಿತನಕ ಯಾರೂ ಕೇಳಿರಲೇ ಇಲ್ಲ. ಆಮೇಲೆ ನಾವು ಮೋಟಾರಿನ ಆಂಪಿಯರ್ ಎಷ್ಟಕ್ಕೆ ಏರಿದಾಗ ಆ ಹದ ಬರುತ್ತೆ ಅಂತ ಗುರುತು ಹಾಕಿಕೊಂಡು ಬ್ಯಾಚ್ ರೆಕಾರ್ಡಿಗೆ ಸೇರಿಸಿದೆವು.

ಪೋಸ್ಟ್‌ಮ್ಯಾನ್ ಅಲ್ಲ ಕಣೋ. ಪೋಸ್ಟ್‌ಮ್ಯಾನ್ ಕಾಗದ ಒಡೆದು ಓದಲ್ಲ, ನೀನು ಓದಬೇಕು.

ಫಾರ್ಮಸಿ_ಮೇಷ್ಟ್ರು

ಗೌಡ್ರು ಹೇಳಿದ್ದಕ್ಕೆ ಒಂದು ಹಳೇ ಕಥೆ ಸೇರಿಸುತ್ತೇನೆ, ಕ್ಲಾಸಲ್ಲಿ ಪ್ರತಿ ವರ್ಷ ಹೇಳುವುದು. 1922ರ ಜನವರಿ 11ರಂದು ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಇನ್ಸುಲಿನ್ ಸಾರ ಚುಚ್ಚಿದರು. ಅದು ಶುದ್ಧವಿರಲಿಲ್ಲ, ಕೆಲಸ ಆಗಲಿಲ್ಲ. 12 ದಿನ ಬಿಟ್ಟು ಜೇಮ್ಸ್ ಕಾಲಿಪ್ ಶುದ್ಧ ಮಾಡಿದ್ದನ್ನು ಕೊಟ್ಟಾಗ ಹುಡುಗನ ಸಕ್ಕರೆ ಇಳಿಯಿತು. ಸರಿ, ಇನ್ನೇನು, ದೊಡ್ಡದಾಗಿ ಮಾಡೋಣ ಅಂತ ಅಲ್ಲಿನ ಕಾನಾಟ್ ಲ್ಯಾಬಲ್ಲಿ ಕೈಹಾಕಿದರು. ಬರಲಿಲ್ಲ. ತಮಾಷೆ ಅಂದರೆ ಸ್ವತಃ ಕಾಲಿಪ್‌ಗೇ ಮೊದಲು ತನ್ನ ಕೈಯಲ್ಲೇ ಬಂದದ್ದು ಮತ್ತೆ ಬರಲಿಲ್ಲ! ವಾರಗಟ್ಟಲೆ ಔಷಧವೇ ಇಲ್ಲ, ಹೊರಗೆ ರೋಗಿಗಳು ಕಾಯುತ್ತಿದ್ದಾರೆ.

ಆ ವರ್ಷ ಮೇ ಕೊನೆಗೆ ಅಮೆರಿಕದ ಇಲೈ ಲಿಲ್ಲಿ ಜೊತೆ ಒಪ್ಪಂದವಾಯಿತು. ಅಲ್ಲಿನ ಕೆಮಿಸ್ಟ್ ಜಾರ್ಜ್ ವಾಲ್ಡನ್, ಪಿಎಚ್ ಅನ್ನು ಸರಿಯಾದ ಜಾಗಕ್ಕೆ ತಂದರೆ ಇನ್ಸುಲಿನ್ ತಾನಾಗಿಯೇ ಕೆಳಗೆ ಕೂರುತ್ತದೆ ಅಂತ ಕಂಡುಕೊಂಡರು. ಆಮೇಲೆ ದೊಡ್ಡ ಮಟ್ಟದಲ್ಲಿ ಮಾಡುವ ದಾರಿ ಸಿಕ್ಕಿತು. 1923ರ ಜನವರಿಯಲ್ಲಿ ಪೇಟೆಂಟನ್ನು ಸಂಶೋಧಕರು ತಲಾ 1 ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಕಾಗದ ಕೈಬದಲಾಗಲು 1 ಡಾಲರ್ ಸಾಕಾಯಿತು, ಹದ ಕೈಗೆ ಸಿಗಲು ಸುಮಾರು ಒಂದು ವರ್ಷ ಹಿಡಿಯಿತು.

ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಲಿನ್ ಮಾರುಕಟ್ಟೆಗೆ ತಂದದ್ದು ಪಿಕಿಯಾ ಅನ್ನುವ ಯೀಸ್ಟಿನಿಂದ. ಅಲ್ಲಿಯಂತೂ ಹದ ಇನ್ನೂ ಸೂಕ್ಷ್ಮ, ಯಾಕೆಂದರೆ ಮಾಡುವುದು ಮಷೀನಲ್ಲ, ಜೀವ. ಟ್ಯಾಂಕ್ ದೊಡ್ಡದಾದ ಹಾಗೆ ಒಳಗಿನ ಯೀಸ್ಟಿಗೆಲ್ಲ ಸರಿಯಾಗಿ ಗಾಳಿ ಮುಟ್ಟಿಸೋದೇ ಒಂದು ಸಾಹಸ.

ದಾವಣಗೆರೆ_ಶುಗರ್

ನಾನು ಫಾರ್ಮಾದವನಲ್ಲ, ಮಾತ್ರೆ ನುಂಗುವವನು. 11 ವರ್ಷದಿಂದ ಇದೇ ಮೆಟ್‌ಫಾರ್ಮಿನ್. ನೀವೆಲ್ಲ ಹೀಗೆ ಮಾತಾಡೋದು ನೋಡಿ ಭಯ ಆಯ್ತು. ಒಂದು ಪ್ಲಾಂಟಿಂದ ಇನ್ನೊಂದಕ್ಕೆ ಹೋದರೆ ಮಾತ್ರೆಯೇ ಬದಲಾಗುತ್ತಾ? ಇನ್ನೊಂದು, ಸಂಕೋಚ ಬಿಟ್ಟು ಕೇಳ್ತೀನಿ. ಬೇರೆ ಕಂಪನಿಯದು ತಗೊಂಡಾಗ ಸಂಡಾಸಲ್ಲಿ ಮಾತ್ರೆ ಥರದ್ದೇ ಕಾಣಿಸ್ತು. ಕರಗಲೇ ಇಲ್ವಾ?

ಕ್ಯೂಎ_ಅಕ್ಕ

ಭಯ ಬೇಡ ಸರ್. ಕಾಣಿಸಿದ್ದು ಹೆಚ್ಚಾಗಿ ಖಾಲಿ ಚಿಪ್ಪು. ಎಸ್‌ಆರ್ ಮಾತ್ರೆಯಲ್ಲಿ ಎಚ್‌ಪಿಎಂಸಿ ನೀರು ಕುಡಿದು ಲೋಳೆಯಾಗುತ್ತದೆ, ಔಷಧ ಅದರಿಂದ ಮೆಲ್ಲಗೆ ಹೊರಗೆ ಬರುತ್ತದೆ. ಉಳಿದ ಮೆತ್ತನೆ ಮುದ್ದೆ ಕೆಲವೊಮ್ಮೆ ಹಾಗೇ ಆಚೆ ಹೋಗುತ್ತದೆ. ಆದರೂ ಶುಗರ್ ಏರುತ್ತಿದ್ದರೆ ಡಾಕ್ಟರಿಗೆ ಹೇಳಿ. ಎಸ್‌ಆರ್ ಅನ್ನು ಮಾತ್ರ ಯಾವತ್ತೂ ಪುಡಿ ಮಾಡಿ ನುಂಗಬೇಡಿ, ಇಡೀ ದಿನದ್ದು ಒಮ್ಮೆಲೇ ಹೊರಗೆ ಬಂದುಬಿಡುತ್ತದೆ.

ಪ್ಲಾಂಟ್ ಬದಲಾದಾಗ ಹಳೇ ಮತ್ತು ಹೊಸ ಬ್ಯಾಚ್‌ಗಳ ಡಿಸಲ್ಯೂಷನ್ ಗ್ರಾಫ್ ಅಕ್ಕಪಕ್ಕ ಇಟ್ಟು ಎಫ್2 ಅಂತ ಒಂದು ಲೆಕ್ಕ ಹಾಕುತ್ತೇವೆ. ಅದು ಕನಿಷ್ಠ 50 ಬರದಿದ್ದರೆ ಎರಡೂ ಒಂದೇ ಅಂತ ನಾವು ಸೈನ್ ಹಾಕಲ್ಲ. ಈ ಹುಡುಗನ 150 ಕೆಜಿ ಬರೀ ಟ್ರಯಲ್, ನಿಮ್ಮ ಮೆಡಿಕಲ್ ಶಾಪಿಗೆ ಬರಲ್ಲ.

ತಮ್ಮಾ, ನಿನಗೆ ಒಂದೇ ಮಾತು. ಆರ್‌ಪಿಎಂ ಇಳಿಸುವುದು, ಕಲಸುವ ಹೊತ್ತು ಕಡಿಮೆ ಮಾಡುವುದು, ಒಣಗಿಸುವುದು, ಮೂರನ್ನೂ ಒಂದೇ ಬ್ಯಾಚಲ್ಲಿ ಬದಲಾಯಿಸಬೇಡ. ಯಾವುದರಿಂದ ಸರಿ ಹೋಯಿತು ಅಂತ ನಾಳೆ ನಾನು ಕೇಳಿದರೆ ನಿನ್ನ ಹತ್ತಿರ ಉತ್ತರ ಇರಲ್ಲ.

ಹೊಸ_ಎಂಫಾರ್ಮ

ಎಲ್ಲರಿಗೂ ಥ್ಯಾಂಕ್ಸ್. ಗೌಡಣ್ಣ, ಎಲ್‌ಒಡಿ ನೋಡಿದೆ. ಲ್ಯಾಬಲ್ಲಿ 1.9, ಪ್ಲಾಂಟಲ್ಲಿ 0.6! ಎರಡೂ ರಿಪೋರ್ಟಲ್ಲಿ ಬರೆದಿದೆ. "2ಕ್ಕಿಂತ ಕಡಿಮೆ" ಅಂತ ಮಾತ್ರ ಲಿಮಿಟ್ ಇದ್ದದ್ದರಿಂದ ಪಾಸ್ ಅಂತ ಟಿಕ್ ಹಾಕಿದ್ದಾರೆ. ಸೋಮವಾರ ಪ್ಲಾಂಟಿಗೆ ಹೋಗುತ್ತಿದ್ದೇನೆ. ಆಪರೇಟರ್ ಜೊತೆ ಮಾತಾಡಲು ಯಾವ ಶಿಫ್ಟ್ ಒಳ್ಳೇದು?

ಗ್ರಾನ್ಯುಲೇಷನ್_ಗೌಡ

ಕೆಳಗಿನ ಲಿಮಿಟೇ ಹಾಕಿಲ್ವಾ! ಸಿಕ್ಕಿತಲ್ಲ. ಆರ್ ಆ್ಯಂಡ್ ಡಿಗೆ ಈ ಮೆಸೇಜ್ ತೋರಿಸಬೇಡ, ಬೇಜಾರಾಗ್ತಾರೆ.

ಎ ಶಿಫ್ಟಿಗೆ ಹೋಗು, ಬೆಳಿಗ್ಗೆ 6ಕ್ಕೆ. ತಿಂಡಿ ಮುಗಿಸಿಕೊಂಡೇ ಹೋಗು, ಒಂದು ಸಲ ಗೌನ್ ಹಾಕಿ ಒಳಗೆ ಹೋದರೆ ಲಂಚ್ ತನಕ ಯಾರೂ ಹೊರಗೆ ಬರಲ್ಲ.