14 ತಿಂಗಳು ಬೇಸ್‌ಮೆಂಟಿನಲ್ಲಿ ನಿಂತ ಕಾರು: ಸೆಲ್ಫ್ ತಿರುಗುತ್ತೆ, ಎಂಜಿನ್ ಹಿಡೀತಿಲ್ಲ

ಗಿರಿನಗರ ಗಾಡಿ

ಎಲ್ಲರಿಗೂ ನಮಸ್ಕಾರ. 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1 ಲೀಟರ್, 3 ಸಿಲಿಂಡರ್, ಮ್ಯಾನುಯಲ್ ಗೇರ್. ಓಡಿರೋದು 61,000 ಕಿ.ಮೀ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಕವರ್ ಹಾಕಿಕೊಂಡು 14 ತಿಂಗಳು ನಿಂತಿತ್ತು. ಬ್ಯಾಟರಿ ವೈರ್ ಬಿಚ್ಚಿರಲಿಲ್ಲ. ಟ್ಯಾಂಕಿನಲ್ಲಿ ಕಾಲು ಭಾಗ ಹಳೇ ಪೆಟ್ರೋಲ್ ಇದೆ.

ರಿಮೋಟ್ ಸತ್ತಿತ್ತು, ಕೀಲಿ ಹಾಕಿ ಬಾಗಿಲು ತೆಗೆದಿದ್ದಾಯಿತು. ಪಕ್ಕದ ಕಾರಿನಿಂದ ಜಂಪ್ ಕೊಟ್ಟಾಗ ಸೆಲ್ಫ್ ನಿಧಾನವಾಗಿ ತಿರುಗುತ್ತೆ, ಎಂಜಿನ್ ಒಂದು ಕೆಮ್ಮು ಕೂಡ ಕೆಮ್ಮಲ್ಲ. ಹತ್ತು ಸಲ ಹೊಡೆದರೂ ಅದೇ ಕಥೆ. ಡ್ಯಾಶ್‌ಬೋರ್ಡಿನ ಕೀಲಿ ಚಿಹ್ನೆಯ ದೀಪ ಎರಡು ಸೆಕೆಂಡ್ ಉರಿದು ಆರುತ್ತೆ, ಎಂಜಿನ್ ದೀಪ ಉರಿಯುತ್ತೆ. ಬಾನೆಟ್ ಒಳಗೆ ಬ್ಯಾಟರಿ ಪಕ್ಕ ಇಲಿ ಹಿಕ್ಕೆ ಕಂಡಿತು. ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ "ಪೆಟ್ರೋಲ್ ಪಂಪ್ ಹೋಗಿದೆ, ಹೊಸದು ಹಾಕಿಸಿ" ಅಂದರು. ಗಾಡಿ ಎಳೆಸೋಕೆ ಮುಂಚೆ ಇಲ್ಲೇ ನೋಡಬಹುದಾದ್ದು ಏನೇನು, ಯಾವ ಕ್ರಮದಲ್ಲಿ?

ಸ್ಪ್ಯಾನರ್ ಹತ್ತು ಹದಿಮೂರು

ಮೊದಲು ಸೆಲ್ಫ್ ಹೊಡೆಯೋದು ನಿಲ್ಲಿಸಿ ಸರ್. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಬೇಡ, ಮಧ್ಯೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಕಾರಿನ ಜೊತೆಗೆ ಸೆಲ್ಫ್ ಮೋಟಾರಿಗೂ ಖರ್ಚು ಮಾಡಬೇಕಾಗುತ್ತೆ.

ಕೀಲಿ ದೀಪ ಉರಿದು ಆರುತ್ತೆ ಅಂದರೆ ಇಮ್ಮೊಬಿಲೈಸರ್ (ಬೇರೆ ಕೀಲಿ ಹಾಕಿದರೆ ಎಂಜಿನ್ ಹಿಡಿಯದಂತೆ ತಡೆಯೋ ವ್ಯವಸ್ಥೆ) ಕೀಲಿಯನ್ನು ಗುರುತಿಸಿದೆ, ಆ ಕಡೆ ತಲೆ ಕೆಡಿಸಿಕೊಳ್ಳಬೇಡಿ. ರಿಮೋಟಿನ ಸೆಲ್ ಸತ್ತಿದ್ದರೂ ಇದಕ್ಕೆ ಸಂಬಂಧ ಇಲ್ಲ, ಕೀಲಿಯೊಳಗಿನ ಚಿಪ್‌ಗೆ ಸೆಲ್ ಬೇಕಿಲ್ಲ. ದೀಪ ಮಿನುಗುತ್ತಾ ಇದ್ದಿದ್ದರೆ ಎರಡನೇ ಕೀಲಿ ಹಾಕಿ ನೋಡಿ ಅಂತಿದ್ದೆ.

ಈಗ ಬ್ಯಾಟರಿ. ಕಾರು ನಿಂತಿದ್ದಾಗಲೂ ಅಲಾರಂ, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್), ಸ್ಟೀರಿಯೊ ಸೇರಿ ಸುಮಾರು 30 ಮಿಲಿಆಂಪ್ ಎಳೀತಾನೇ ಇರುತ್ತವೆ. ದಿನಕ್ಕೆ 0.72 ಆಂಪ್ ಅವರ್. ನಿಮ್ಮದು 35 ಆಂಪ್ ಅವರ್ ಬ್ಯಾಟರಿ ಆಗಿದ್ದರೆ ಏಳು ವಾರದಲ್ಲಿ ಖಾಲಿ. ಆಮೇಲೆ ಒಂದು ವರ್ಷ ಹಾಗೇ ಸೊನ್ನೆಯಲ್ಲಿ ಬಿದ್ದಿದ್ದರಿಂದ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತೆ. ಅಂಥ ಬ್ಯಾಟರಿ ಚಾರ್ಜ್ ಮಾಡಿದರೆ ಮೀಟರಿನಲ್ಲಿ 12.3 ವೋಲ್ಟ್ ತೋರಿಸುತ್ತೆ, ಸೆಲ್ಫ್ ಹೊಡೆದ ಕೂಡಲೇ ಕುಸಿಯುತ್ತೆ. ಎಸ್‌ಪಿ ರೋಡಿನಲ್ಲಿ ಸಿಗುವ ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಸುಮ್ಮನಿದ್ದಾಗ 12.6 ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳೀಬಾರದು. ಇಳಿದರೆ ಇಸಿಯು ಮಂಕಾಗುತ್ತೆ, ಪ್ಲಗ್ ಮೇಲೆ ಕೂರುವ ಕಾಯಿಲ್‌ಗೆ ಕಿಡಿ ಕೊಡೋಕೆ ಶಕ್ತಿ ಸಾಲಲ್ಲ. ಸೆಲ್ಫ್ ತಿರುಗಿದರೂ ಎಂಜಿನ್ ಹಿಡಿಯದೇ ಇರೋದಕ್ಕೆ ಇದೊಂದೇ ಕಾರಣ ಸಾಕು. ಅಗ್ಗದ ತೆಳು ಜಂಪ್ ಕೇಬಲ್‌ನಲ್ಲೂ ಇದೇ ಆಗೋದು: ಕೇಬಲ್ ಬಿಸಿ ಆಗುತ್ತೆ, ಈ ಕಡೆ ಬರೋದು ಎಂಟೋ ಒಂಬತ್ತೋ ವೋಲ್ಟ್. ತಾಮ್ರ 16 ಚದರ ಮಿಲಿಮೀಟರ್ ಆದರೂ ಇರಬೇಕು.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಇದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ತಂತಿ ಬ್ರಷ್‌ನಿಂದ ಉಜ್ಜಿ. ಅರ್ತಿಂಗ್ ವೈರ್ ಎಂಜಿನ್‌ಗೆ ಸೇರುವ ಬೋಲ್ಟನ್ನೂ ಬಿಚ್ಚಿ ಉಜ್ಜಿ, ಅದನ್ನು ಎಲ್ಲರೂ ಮರೀತಾರೆ.

ಕೊನೆಗೆ ಒಂದು ಪ್ರಶ್ನೆ: ಕೀಲಿ ಆನ್ ಮಾಡಿದ ತಕ್ಷಣ, ಸೆಲ್ಫ್ ಹೊಡೆಯೋ ಮುಂಚೆ, ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ "ಝುಂಯ್" ಅನ್ನೋ ಸದ್ದು ಬರುತ್ತಾ? ಎಸಿ ಫ್ಯಾನ್, ಸ್ಟೀರಿಯೊ ಎಲ್ಲ ಆಫ್ ಮಾಡಿ ಕಿವಿಗೊಡಿ. ಬಂದರೆ ಪಂಪ್ ತಿರುಗುತ್ತಿದೆ ಅಂತ ಲೆಕ್ಕ.

ಕಾರ್ಬ್ಯುರೇಟರ್ ಕಾಲದವ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅದಕ್ಕೂ ಮೊದಲಿನ ಕೆಲಸ ಒಂದಿದೆ. 14 ತಿಂಗಳಲ್ಲಿ ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆಯೆಲ್ಲ ಕೆಳಗೆ ಜಾರಿರುತ್ತದೆ. ಒಣಗಿದ ಗೋಡೆಗೆ ಪಿಸ್ಟನ್ ರಿಂಗ್ ಉಜ್ಜಿದರೆ ಗೀರು ಬೀಳುತ್ತದೆ. ನೀವು ಈಗಾಗಲೇ ಹತ್ತು ಸಲ ಹೊಡೆದಿದ್ದೀರಿ, ಇನ್ನು ಮುಂದಾದರೂ ಹೀಗೆ ಮಾಡಿ.

ಡಿಪ್‌ಸ್ಟಿಕ್ ಎಳೆದು ಎಣ್ಣೆ ಮಟ್ಟ ನೋಡಿ. ಕಾಫಿ ಹಾಲಿನ ಬಣ್ಣವಿದ್ದರೆ ನೀರು ಸೇರಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ. ಸರಿಯಿದ್ದರೆ ಮೂರೂ ಕಾಯಿಲ್ ತೆಗೆದು, ಪ್ಲಗ್ ಗುಂಡಿಯ ಧೂಳನ್ನು ಊದಿ, ಪ್ಲಗ್ ಬಿಚ್ಚಿ. ಪ್ರತಿ ಸಿಲಿಂಡರಿಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಎಂಜಿನ್ ಆಯಿಲ್ ಬಿಡಿ. ಹೆಚ್ಚು ಬೇಡ. ರಾತ್ರಿಯಿಡೀ ಬಿಟ್ಟು, ಮರುದಿನ ಟಾಪ್ ಗೇರ್ ಹಾಕಿ ಕಾರನ್ನು ಎರಡು ಮೂರು ಅಡಿ ಮೆಲ್ಲಗೆ ತಳ್ಳಿ. ಎಂಜಿನ್ ಸಲೀಸಾಗಿ ತಿರುಗಬೇಕು, ಕಲ್ಲಿನಂತೆ ನಿಂತರೆ ಬಲ ಹಾಕಬೇಡಿ. ಅನಂತರ ನ್ಯೂಟ್ರಲ್‌ಗೆ ತಂದು, ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಕನೆಕ್ಟರುಗಳನ್ನು ಕಳಚಿ, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆಯಿರಿ. ಒತ್ತಡವಿಲ್ಲದ ಕಾರಣ ಎಂಜಿನ್ ವೇಗವಾಗಿ ತಿರುಗಿ ಎಣ್ಣೆ ಮೇಲೇರುತ್ತದೆ. ಆಯಿಲ್ ದೀಪ ಆರುವವರೆಗೆ, ಐದೈದು ಸೆಕೆಂಡ್. ಪ್ಲಗ್ ಗುಂಡಿಗಳ ಮೇಲೆ ಹಳೇ ಬಟ್ಟೆ ಹಾಸಿ, ಎಣ್ಣೆ ಚಿಮ್ಮುತ್ತದೆ.

ಬಿಚ್ಚಿದ ಪ್ಲಗ್‌ಗಳನ್ನು ಮೂಸಿ ನೋಡಿ. ಅಷ್ಟು ಸಲ ಸೆಲ್ಫ್ ಹೊಡೆದ ಮೇಲೂ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೊಯ್ದಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ.

ಇಲಿಬೋನು

ಇಲಿ ಹಿಕ್ಕೆ ಬಗ್ಗೆ ಯಾರೂ ಮಾತಾಡಲಿಲ್ಲ. ಬೆಂಗಳೂರು ಬೇಸ್‌ಮೆಂಟಿನಲ್ಲಿ ಬ್ಯಾಟರಿ ಆದಮೇಲೆ ಎರಡನೇ ಕಾರಣವೇ ಅದು. ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ, ಗೂಡು ಅಲ್ಲಿರುತ್ತೆ. ಬಾನೆಟ್ ಒಳಗಿನ ಹತ್ತಿ ಕಿತ್ತಿದ್ದರೆ ಸೈಲೆನ್ಸರ್ ಪೈಪ್ ಪಕ್ಕವೂ ಟಾರ್ಚ್ ಬಿಡಿ, ಎಂಜಿನ್ ಬಿಸಿಯಾದರೆ ಗೂಡಿಗೆ ಬೆಂಕಿ ಹತ್ತುತ್ತೆ. ಹಿಕ್ಕೆಯನ್ನು ಬ್ಲೋವರ್‌ನಿಂದ ಊದಬೇಡಿ. ಇಲಿ ಜ್ವರ ಬರೋದು ಅದರ ಉಚ್ಚೆಯಿಂದ. ಕೈಗವಸು, ಮಾಸ್ಕ್ ಹಾಕಿ, ನೀರು ಬೆರೆಸಿದ ಬ್ಲೀಚ್ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ. ವೈರಿಗೆ ಬ್ಲೀಚ್ ಬೀಳದಂಗೆ ನೋಡ್ಕೊಳ್ಳಿ.

ಒಬಿಡಿ ರೀಡರ್ (ಕಾರಿನ ಕಂಪ್ಯೂಟರ್ ಓದೋ ಸಣ್ಣ ಉಪಕರಣ) ಇದ್ದರೆ ಹಾಕಿ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ನೋಡಿ. 150-250 ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗ್ತಿದೆ ಅಂತ ಇಸಿಯುಗೆ ತಿಳಿಸೋದು) ಸರಿ ಇದೆ. ಸೊನ್ನೆ ನಿಂತಿದ್ದರೆ ಆ ಸೆನ್ಸರೋ ಅದರ ವೈರೋ ಹೋಗಿದೆ, ಆಗ ಕಿಡಿಯೂ ಇಲ್ಲ ಪೆಟ್ರೋಲೂ ಇಲ್ಲ.

ಗಿರಿನಗರ ಗಾಡಿ

ಮೂವರಿಗೂ ಧನ್ಯವಾದ. ಹೇಳಿದ ಹಾಗೆ ಮಾಡಿದ್ದು:

ಹಳೇ ಬ್ಯಾಟರಿ 3.5 ಆಂಪ್‌ನಲ್ಲಿ 12 ಗಂಟೆ ಚಾರ್ಜ್ ಆದ ಮೇಲೆ 12.3, ಸೆಲ್ಫ್ ಹೊಡೆದಾಗ 7.9. ಹಳೇದನ್ನು ಕೊಟ್ಟು ಹೊಸದು ಹಾಕಿಸಿದೆ. ಈಗ 12.6, ಹೊಡೆಯುವಾಗ 10.4. ಸೆಲ್ಫ್ ಚುರುಕಾಗಿದೆ. ಎಣ್ಣೆ ಸರಿ ಇದೆ, ಸಿಲಿಂಡರಿಗೂ ಬಿಟ್ಟಾಯಿತು, ಆಯಿಲ್ ದೀಪ ಆರಿತು. ಆರ್‌ಪಿಎಂ 230. ಪ್ಲಗ್ ಮೂರೂ ಒಣ, ಕಿಡಿ ನೀಲಿ. ಏರ್ ಫಿಲ್ಟರ್‌ನಲ್ಲಿ ಗೂಡು ಇಲ್ಲ, ಬಾನೆಟ್ ಒಳಗೆ ವೈರ್ ಕಡಿದಿದ್ದೂ ಕಾಣಲಿಲ್ಲ.

ಸೀಟಿನ ಕೆಳಗೆ ಝುಂಯ್ ಇಲ್ಲ. ಪಂಪಿನ 15 ಆಂಪ್ ಫ್ಯೂಸ್ ಚೆನ್ನಾಗಿದೆ, ರಿಲೇ (ಪಂಪಿಗೆ ಕರೆಂಟ್ ಬಿಡೋ ಸ್ವಿಚ್) ಟಿಕ್ ಅನ್ನುತ್ತೆ. ಸೀಟ್ ಎತ್ತಿ ಪಂಪಿನ ಕನೆಕ್ಟರ್ ಕಳಚಿ ಮೀಟರ್ ಇಟ್ಟರೆ ಎರಡು ಸೆಕೆಂಡ್ 12.1 ವೋಲ್ಟ್ ಬರುತ್ತೆ. ಅಂದರೆ ಕರೆಂಟ್ ಬರ್ತಾ ಇದೆ, ಪಂಪೇ ಹೋಗಿದೆ, ಅಲ್ವಾ?

ಸ್ಪ್ಯಾನರ್ ಹತ್ತು ಹದಿಮೂರು

ಅಲ್ಲ. ಇಲ್ಲೇ ಜನ ಪಂಪಿಗೆ ಸುಮ್ಮನೆ ದುಡ್ಡು ಸುರಿಯೋದು.

ಮಲ್ಟಿಮೀಟರ್ ಎಳೆಯೋ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವೈರಿನ ಇಪ್ಪತ್ತು ಎಳೆಯಲ್ಲಿ ಹತ್ತೊಂಬತ್ತು ಕಡಿದು ಒಂದೇ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತೆ. ಪಂಪಿಗೆ ಬೇಕಿರೋದು 4-5 ಆಂಪ್, ಅಷ್ಟನ್ನು ಆ ಒಂದು ಎಳೆ ಕೊಡಲ್ಲ. ಹಾಗಾಗಿ ಭಾರ ಹಾಕಿ ಅಳೆಯಬೇಕು. 21 ವ್ಯಾಟ್ ಇಂಡಿಕೇಟರ್ ಬಲ್ಬ್ ಒಂದು, ಹೋಲ್ಡರ್, ಎರಡು ತುಂಡು ವೈರ್. ಕನೆಕ್ಟರಿನ ಪಂಪ್ ಪ್ಲಸ್ ಮತ್ತು ಅರ್ತಿಂಗ್ ಪಿನ್ನಿಗೆ ಸೇರಿಸಿ. ಪಕ್ಕದಲ್ಲೇ ಇರುವ ಎರಡು ತೆಳು ವೈರ್ ಪೆಟ್ರೋಲ್ ಮಟ್ಟದ್ದು, ಅದಕ್ಕಲ್ಲ. ನಾಲ್ಕೂ ಬಾಗಿಲು ತೆರೆದಿರಲಿ. ಬಲ್ಬ್ ಮೊದಲು ಗಟ್ಟಿಯಾಗಿ ಸಿಕ್ಕಿಸಿ, ಆಮೇಲೆ ಇನ್ನೊಬ್ಬರು ಕೀಲಿ ಆನ್ ಮಾಡಲಿ. ಕೀಲಿ ಆನ್ ಇದ್ದಾಗ ವೈರ್ ತಾಗಿಸಿದರೆ ಕಿಡಿ ಹಾರುತ್ತೆ, ಕೆಳಗಿರೋದು ಪೆಟ್ರೋಲ್ ಟ್ಯಾಂಕ್.

ಬಲ್ಬ್ ಝಗ್ಗನೆ ಉರಿದರೆ ಲೈನ್ ಬಹುಮಟ್ಟಿಗೆ ಸರಿ, ದೋಷ ಪಂಪಿನದೇ. ಆಗ ಕನೆಕ್ಟರ್ ಹಾಕಿ, ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು. ಅಂಟು ಹಿಡಿದು ಕೂತ ಪಂಪ್ ಕೆಲವು ಸಲ ಬಿಟ್ಟುಕೊಳ್ಳುತ್ತೆ. ಬಿಟ್ಟುಕೊಂಡರೂ ಅದನ್ನು ನಂಬಿ ಮೈಸೂರಿಗೆ ಹೊರಡಬೇಡಿ.

ಬಲ್ಬ್ ಮಂಕಾಗಿ ಕೆಂಡದ ಥರ ಕಂಡರೆ, ವೈರ್. ಪಂಪ್ ಮುಟ್ಟಬೇಡಿ. ಬಲ್ಬಿನ ಅರ್ತಿಂಗ್ ಕಡೆಯನ್ನು ಕನೆಕ್ಟರಿನಿಂದ ಬಿಡಿಸಿ, ಬಣ್ಣವಿಲ್ಲದ ಬಾಡಿ ಬೋಲ್ಟಿಗೆ ಕೊಟ್ಟು ನೋಡಿ. ಆಗ ಝಗ್ ಅಂದರೆ ಅರ್ತಿಂಗ್ ಲೈನ್ ದೋಷ, ಆಗಲೂ ಮಂಕೇ ಇದ್ದರೆ ಪ್ಲಸ್ ಲೈನ್ ದೋಷ.

ಗಿರಿನಗರ ಗಾಡಿ

ಮಂಕು! ಒಳಗಿನ ತಂತಿ ಮಾತ್ರ ಕೆಂಪಗೆ ಕಾಣಿಸಿತು, ಬೆಳಕೇ ಇಲ್ಲ. ಬಾಡಿಗೆ ಅರ್ತಿಂಗ್ ಕೊಟ್ಟರೂ ಅಷ್ಟೇ. ಹಾಗಾದರೆ ಪ್ಲಸ್ ಲೈನ್. ಎಡಗಡೆ ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಎತ್ತಿ, ಮ್ಯಾಟ್ ಸರಿಸಿದರೆ ಹಿಂದಿನ ಸೀಟಿನ ಮೂಲೆಯಲ್ಲಿ ಕಡಲೆಕಾಯಿ ಸಿಪ್ಪೆ, ಹತ್ತಿ, ಅದರ ಕೆಳಗೆ ವೈರ್ ಕಟ್ಟು. ಒಂದು ವೈರಿನ ಮೇಲಿನ ಪ್ಲಾಸ್ಟಿಕ್ ಒಂದು ಇಂಚು ಪೂರ್ತಿ ಹೋಗಿದೆ, ತಾಮ್ರ ಹಸಿರಾಗಿ ಪುಡಿಪುಡಿ, ಎರಡು ಎಳೆ ಮಾತ್ರ ಉಳಿದಿದೆ. ಪಕ್ಕದ್ದಕ್ಕೂ ಹಲ್ಲಿನ ಗುರುತು ಇದೆ, ತಾಮ್ರ ಕಾಣಲ್ಲ. ತಿರುಚಿ ಟೇಪ್ ಸುತ್ತಿದರೆ ಸಾಕಾ?

ಇಲಿಬೋನು

ಸಾಕಾಗಲ್ಲ ಗುರು. ಟೇಪಿನ ಅಂಟು ಬಿಸಿಲಿಗೆ ಕರಗುತ್ತೆ, ತಿರುಚಿದ ಜಾಗ ಮತ್ತೆ ಹಸಿರಾಗುತ್ತೆ. ಬ್ಯಾಟರಿ ಮೈನಸ್ ಬಿಚ್ಚಿ. ತಾಮ್ರ ಹೊಳೆಯೋವರೆಗೆ ಎರಡೂ ಕಡೆ ಕತ್ತರಿಸ್ತಾ ಹೋಗಿ, ಹಸಿರು ಒಳಗೊಳಗೇ ಎರಡು ಮೂರು ಇಂಚು ಹರಡಿರುತ್ತೆ. ಅಷ್ಟೇ ದಪ್ಪದ ಆಟೋ ವೈರ್ ತುಂಡು ಜೆಸಿ ರೋಡಿನಲ್ಲಿ ಸಿಗುತ್ತೆ, ತೆಳುವಾದದ್ದು ಹಾಕಬೇಡಿ. ಹೀಟ್ ಶ್ರಿಂಕ್ ಕೊಳವೆ ಮೊದಲೇ ವೈರಿಗೆ ಪೋಣಿಸಿ (ಬೆಸುಗೆ ಆದಮೇಲೆ ನೆನಪಾದರೆ ಮತ್ತೆ ಬಿಚ್ಚಬೇಕು!), ಬೆಸುಗೆ ಹಾಕಿ, ಕೊಳವೆ ಬಿಸಿ ಮಾಡಿ ಬಿಗಿ ಮಾಡಿ. ಎರಡು ವೈರಿನ ಜೋಡಣೆ ಅಕ್ಕಪಕ್ಕ ಬರಬಾರದು, ಹಿಂದೆಮುಂದೆ ಇರಲಿ. ಹಲ್ಲಿನ ಗುರುತಿರೋ ವೈರಿಗೂ ಒಂದು ಸುತ್ತು ಹೊದಿಕೆ ಹಾಕಿ.

ಕಾರ್ಬ್ಯುರೇಟರ್ ಕಾಲದವ

ಆ ವೈರ್ ಸರಿಹೋದ ಕೂಡಲೇ ಕೀಲಿ ತಿರುಗಿಸಬೇಡಿ. ಟ್ಯಾಂಕಿನ ಪೆಟ್ರೋಲ್ ಇನ್ನೂ ಹಾಗೇ ಇದೆ.

E20 ಪೆಟ್ರೋಲನ್ನು ದೇಶಕ್ಕೆ ಬಿಡುಗಡೆ ಮಾಡಿದ್ದೇ ನಮ್ಮ ಬೆಂಗಳೂರಿನಲ್ಲಿ, 2023ರ ಫೆಬ್ರವರಿಯಲ್ಲಿ. ಹತ್ತು ಲೀಟರಿನಲ್ಲಿ ಎರಡು ಲೀಟರ್ ಎಥನಾಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಮುಕ್ಕಾಲು ಖಾಲಿಯಿರುವ ಟ್ಯಾಂಕಿನಲ್ಲಿ ಗಾಳಿಯೂ ಹೆಚ್ಚು, ತೇವವೂ ಹೆಚ್ಚು. ನೀರು ಮಿತಿ ಮೀರಿದಾಗ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕಿಳಿಯುತ್ತದೆ. ಪಂಪ್ ಹೀರುವುದೂ ತಳದಿಂದಲೇ. ಮೊದಲ ಗುಟುಕೇ ಅದಾದರೆ ಎಂಜಿನ್ ಹೇಗೆ ಹಿಡಿದೀತು?

ಕಾರನ್ನು ಬೇಸ್‌ಮೆಂಟಿನಿಂದ ಬಯಲಿಗೆ ತಳ್ಳಿಸಿ. ಪಂಪ್ ಕನೆಕ್ಟರ್ ಕಳಚಿಟ್ಟು, ಪಂಪಿನ ಮುಚ್ಚಳ ತೆಗೆದು ಕೈಪಂಪಿನಿಂದ ತಳದ ಪೆಟ್ರೋಲ್ ಒಂದಿಷ್ಟು ಗಾಜಿನ ಸೀಸೆಗೆ ತೆಗೆಯಿರಿ. ಅರ್ಧ ಗಂಟೆ ಅಲುಗಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ಬಣ್ಣ ಡಿಕಾಕ್ಷನ್ನಿನಂತಾಗಿ ಹಳೇ ವಾರ್ನಿಷ್ ವಾಸನೆ ಬಂದರೆ, ಪೂರ್ತಿ ಖಾಲಿ ಮಾಡಿ. ಬಾಯಿಂದ ಎಳೆಯುವ ಸಾಹಸ ಬೇಡ. ಮುಚ್ಚಳ ಹಾಕುವಾಗ ರಬ್ಬರ್ ಸೀಲ್ ಹೊಸದಿರಲಿ.

ಸ್ಪ್ಯಾನರ್ ಹತ್ತು ಹದಿಮೂರು

ಒಂದು ಸಣ್ಣ ತಕರಾರು: ಪದರ ಇಲ್ಲ, ಬಣ್ಣ ಸರಿ ಇದೆ ಅಂದರೆ ಖಾಲಿ ಮಾಡೋ ಅಗತ್ಯ ಇಲ್ಲ. ಹಗುರ ಅಂಶ ಆವಿಯಾಗಿರೋದರಿಂದ ತಣ್ಣಗಿನ ಎಂಜಿನ್ ಹಿಡಿಯೋಕೆ ಸತಾಯಿಸುತ್ತೆ ಅಷ್ಟೆ. ನಿಮ್ಮ ಕಾಲು ಟ್ಯಾಂಕ್, ಅಂದರೆ ಸುಮಾರು 8 ಲೀಟರಿಗೆ 15-20 ಲೀಟರ್ ಹೊಸ ಪೆಟ್ರೋಲ್ ಸೇರಿಸಿದರೆ ಓಡುತ್ತೆ. ಪದರ ಇದ್ದರೆ ಮಾತ್ರ ಅವರು ಹೇಳಿದ್ದೇ ಸರಿ, ಮೇಲೆ ಹೊಸದು ಸುರಿದರೆ ತಳದ ನೀರು ಎಲ್ಲೂ ಹೋಗಲ್ಲ.

ಸ್ಟಾರ್ಟ್ ಮಾಡುವಾಗ: ಕೀಲಿ ಆನ್ ಮಾಡಿ ಮೂರು ಸೆಕೆಂಡ್, ಆಫ್. ಹೀಗೆ ನಾಲ್ಕು ಸಲ. ಖಾಲಿಯಾದ ಲೈನ್ ತುಂಬಿ ಒತ್ತಡ ಏರುತ್ತೆ. ಆಮೇಲೆ ಸೆಲ್ಫ್. ಆಕ್ಸಿಲರೇಟರ್ ಒತ್ತಬೇಡಿ. ಹಿಡಿದ ಮೇಲೆ ರೈಸ್ ಮಾಡದೆ ಐಡಲ್‌ನಲ್ಲೇ ಬಿಟ್ಟು, ಟ್ಯಾಂಕ್, ಇಂಜೆಕ್ಟರ್ ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲ ಅಂತ ಟಾರ್ಚ್ ಹಾಕಿ ನೋಡಿ.

ಗಿರಿನಗರ ಗಾಡಿ

ಸೀಸೆಯ ತಳದಲ್ಲಿ ಒಂದು ಬೆರಳು ದಪ್ಪ ಮಸುಕು ಪದರ ಇತ್ತು, ಪೂರ್ತಿ ಖಾಲಿ ಮಾಡಿ 10 ಲೀಟರ್ ಹೊಸದು ಹಾಕಿದೆ. ವೈರ್ ಬೆಸುಗೆ ಆಯಿತು, ಬಲ್ಬ್ ಝಗ್ ಅಂತು, ಝುಂಯ್ ಬಂತು. ಎರಡನೇ ಸೆಲ್ಫ್‌ಗೆ ಹಿಡಿಯಿತು. ಎರಡು ನಿಮಿಷ ನೀಲಿ ಹೊಗೆ ಬಂದು ನಿಂತಿತು. ಬ್ಯಾಟರಿಯಲ್ಲಿ ಈಗ 14.2 ವೋಲ್ಟ್, ಅಂದರೆ ಚಾರ್ಜ್ ಆಗ್ತಿದೆ. ಹಳೇ ಪಂಪೇ.

ಆದರೆ ಮೊದಲ ಗೇರ್ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಹಿಂದಿನಿಂದ ಯಾರೋ ಹಿಡಿದ ಹಾಗೆ ಕೂರುತ್ತೆ. ಹ್ಯಾಂಡ್‌ಬ್ರೇಕ್ ಇಳಿಸಿದೆ.

ಸ್ಪ್ಯಾನರ್ ಹತ್ತು ಹದಿಮೂರು

ನೀಲಿ ಹೊಗೆ ಸಿಲಿಂಡರಿಗೆ ಬಿಟ್ಟ ಎಣ್ಣೆ, ಚಿಂತೆ ಇಲ್ಲ. ತಳ್ಳಿದಾಗ ಉರುಳಿದ್ದು ಈಗ ಹಿಡಿದಿದೆ ಅಂದರೆ ಬಯಲಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದಿರುತ್ತೀರಿ. ತುಕ್ಕು ಹಿಡಿದ ಕೇಬಲ್ ವಾಪಸ್ ಬಂದಿಲ್ಲ, ಹಿಂದಿನ ಚಕ್ರದ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿದೆ. ಎಂಜಿನ್ ಬಲದಿಂದ ಎಳೆದರೆ ಶೂ ಮೇಲಿನ ಲೈನಿಂಗ್ ಕಿತ್ತು ಬರುತ್ತೆ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನದನ್ನು ಜಾಕ್ ಹಾಕಿ ಎತ್ತಿ, ಚಕ್ರ ಬಿಚ್ಚಿ, ಡ್ರಮ್ಮಿನ ಅಂಚಿನ ಸುತ್ತ ಮರದ ಸುತ್ತಿಗೆಯಿಂದ ತಟ್ಟಿ. ಬಿಟ್ಟುಕೊಂಡ ಮೇಲೆ ಕೇಬಲ್‌ಗೆ ಗ್ರೀಸ್, ಬ್ರೇಕ್ ಆಯಿಲ್ ಹೊಸದು. ಮತ್ತೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಬೇಡ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಬ್ಯಾಟರಿ ಮೈನಸ್ ಬಿಚ್ಚಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಕೊನೆಯ ಎರಡು ತಯಾರಾದ ವರ್ಷ. ಅದನ್ನೂ, ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್ ತಾರೀಖನ್ನೂ ಗೇಟ್ ದಾಟೋ ಮುಂಚೆ ನೋಡಿಬಿಡಿ.