ಮಳೆಗಾಲಕ್ಕೆ ಮೊದಲು ನಮ್ಮ ನೀರಿನ ಒಡ್ಡಿನ ತಪಾಸಣೆ ಆಗಲೇಬೇಕು

ಸಂಘದ ಕಾರ್ಯದರ್ಶಿ:
ಎಲ್ಲ ನಿವಾಸಿಗಳಿಗೆ ನಮಸ್ಕಾರ. ಬಡಾವಣೆಗೆ ಕುಡಿಯುವ ನೀರು ಬರುವ ಮೇಲಿನ ತೋಡಿನ ಒಡ್ಡನ್ನು ನೋಡಿಬರಲು ಭಾನುವಾರ ಬೆಳಿಗ್ಗೆ ನಾವು ನಾಲ್ವರು ಹೋಗಿದ್ದೆವು. ಏರಿಯ, ಅಂದರೆ ಒಡ್ಡಿನ ಮಣ್ಣಿನ ದಂಡೆಯ ಬುಡದಲ್ಲಿ, ನೀರು ಬಿಡುವ ತೂಬಿನಿಂದ ಹತ್ತು ಅಡಿ ಎಡಕ್ಕೆ, ಸುತ್ತಲೂ ಹುಲ್ಲು ಒಣಗಿದ್ದರೂ ಒಂದು ಚಾಪೆಯಗಲದ ಜಾಗ ಮಾತ್ರ ಕಡು ಹಸಿರಾಗಿದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಮೂರು ವಾರವಾದರೂ ಅಲ್ಲಿ ಕಾಲಿಟ್ಟರೆ ಪಾದ ಹೂತುಹೋಗುತ್ತದೆ. ಒಸರುವ ನೀರನ್ನು ಸ್ಟೀಲ್ ಲೋಟದಲ್ಲಿ ಹಿಡಿದು ಹತ್ತು ನಿಮಿಷ ಇಟ್ಟೆವು. ತಳದಲ್ಲಿ ಬೆರಳಿಗೆ ಹತ್ತುವಷ್ಟು ಕೆಂಪು ಮಣ್ಣು ಕುಳಿತಿತ್ತು.

ನನ್ನನ್ನು ಹೆದರಿಸಿದ್ದು ಆ ಮಣ್ಣು. ಮಣ್ಣಿನ ಏರಿ ಎಂದ ಮೇಲೆ ನೀರು ಸ್ವಲ್ಪ ಒಸರುವುದು ಸಹಜ, ತಿಳಿನೀರಾದರೆ ಆಗಾಗ ಅಳೆದು ನೋಡುತ್ತಿದ್ದರೆ ಸಾಕು. ಆದರೆ ನೀರಿನ ಜೊತೆ ಮಣ್ಣು ಬರುತ್ತಿದ್ದರೆ ಏರಿಯ ಒಳಮೈ ಕರಗುತ್ತಿದೆ ಎಂದರ್ಥ. ಬುಡದಲ್ಲಿ ಆರಂಭವಾದ ಸಣ್ಣ ಬಿಲ ಹಿಂದಕ್ಕೆ ಕೊರೆಯುತ್ತಾ ಹೋಗಿ ನಿಂತ ನೀರನ್ನು ಮುಟ್ಟಿದರೆ, ಆಮೇಲೆ ಏರಿ ಉಳಿಯುವುದು ಕೆಲವೇ ಗಂಟೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಸೋರುತ್ತಿದೆ ಎಂದು ಊರಿನವರು ಮೊದಲೇ ದೂರಿದ್ದರು. 2019ರ ಜುಲೈ 2ರ ರಾತ್ರಿ ಅದು ಒಡೆದು ಕೆಳಗಿನ ಮನೆಗಳನ್ನೂ ಮನೆಯೊಳಗಿದ್ದವರನ್ನೂ ಕೊಚ್ಚಿಕೊಂಡು ಹೋಯಿತು.

ಹೆಚ್ಚಾದ ನೀರು ಹೊರಹೋಗುವ ಕೋಡಿಯ ಸ್ಥಿತಿಯೂ ಚೆನ್ನಾಗಿಲ್ಲ. ಎರಡು ಬೇಸಿಗೆಯ ಹಿಂದೆ ಹೆಚ್ಚು ನೀರು ನಿಲ್ಲಲಿ ಎಂದು ಇಟ್ಟ ಮರಳಿನ ಚೀಲಗಳು ಹುಲ್ಲು ಬೆಳೆದು ಅಲ್ಲೇ ಉಳಿದಿವೆ. ಚೀಲ ಇಡಲು ಒಪ್ಪಿದವರಲ್ಲಿ ನಾನೂ ಒಬ್ಬ, ಅದು ತಪ್ಪಾಗಿತ್ತು. ಮೇಲಿಂದ ನೀರು ಹರಿದರೆ ಮಣ್ಣಿನ ಏರಿ ಉಳಿಯುವುದಿಲ್ಲ, ಹಾಗಾಗಿ ಕೋಡಿಯ ಬಾಯಿ ಬಿಟ್ಟೇ ಇರಬೇಕು. ತಪಾಸಣೆ ಆಗುವವರೆಗೆ ನೀರಿನ ಮಟ್ಟ ಇಳಿಸಬೇಕೆಂದು ಸಂಘದಿಂದ ಮನವಿ ಕೊಡೋಣ ಎಂಬುದು ನನ್ನ ಪ್ರಸ್ತಾವ.

ಕೆಳಗಿನ ಅಡ್ಡರಸ್ತೆಯ ನಿವಾಸಿ:
ಸರ್, ಒಡ್ಡು ಒಡೆದರೆ ಮೊದಲು ನೀರು ನುಗ್ಗುವುದು ನಮ್ಮ ಸಾಲಿನ ಮನೆಗಳಿಗೆ, ಆದ್ದರಿಂದ ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಈಗಲೇ ಎರಡು ದಿನಕ್ಕೊಮ್ಮೆ ನೀರು ಬಿಡುತ್ತಿದ್ದಾರೆ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ, ದಿನಕ್ಕೆ ಎರಡು ಸಲ ಬಟ್ಟೆ ಒಗೆಯಬೇಕು. ಇರುವ ನೀರನ್ನೂ ತೋಡಿಗೆ ಬಿಟ್ಟರೆ ಮೇ ತಿಂಗಳನ್ನು ದಾಟುವುದು ಹೇಗೆ ಎಂಬುದನ್ನೂ ಸಂಘವೇ ಹೇಳಬೇಕು.

ಮೇಲಿನ ರಸ್ತೆಯ ನಿವೃತ್ತ ಎಂಜಿನಿಯರ್:
ಅಕ್ಕ, ನೀವು ಕೇಳಿದ್ದು ಸರಿ. ಒಡ್ಡನ್ನು ಪೂರ್ತಿ ಖಾಲಿ ಮಾಡುವ ಅಗತ್ಯವಿಲ್ಲ, ಒಮ್ಮೆಲೇ ತೂಬು ಎತ್ತಲೂಬಾರದು. ನೀರು ರಭಸದಿಂದ ಇಳಿದರೆ ಏರಿಯ ನೀರಿನ ಕಡೆಯ ಇಳಿಜಾರಿನಲ್ಲಿ ನೆನೆದಿರುವ ಮಣ್ಣಿಗೆ ನೀರಿನ ಒತ್ತಾಸೆ ತಪ್ಪಿ ಅದು ಜಾರುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಮಟ್ಟ ಇಳಿದಾಗ ಒಸರು ಕಡಿಮೆಯಾಗುತ್ತದೆಯೇ ಎಂದು ನೋಡಬೇಕು. ಯಾವ ಮಟ್ಟದಲ್ಲಿ ಒಸರು ನಿಲ್ಲುತ್ತದೆಯೋ ಅದರಿಂದ ದೋಷ ಎಲ್ಲಿದೆ ಎಂಬ ಸುಳಿವೂ ಸಿಗುತ್ತದೆ.

ಇನ್ನೊಂದು ಮಾತು. ಯಾರೂ ಉತ್ಸಾಹದಿಂದ ಸಿಮೆಂಟ್ ತಂದು ಆ ಜಾಗವನ್ನು ಮುಚ್ಚಬೇಡಿ. ಅಲ್ಲಿ ಮುಚ್ಚಿದರೆ ನೀರು ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹಾಸುವುದು ಕ್ರಮ, ಏಕೆಂದರೆ ಆಗ ನೀರು ಹೊರಬರುತ್ತದೆ, ಮಣ್ಣು ಒಳಗೇ ಉಳಿಯುತ್ತದೆ. ಅದನ್ನೂ ತಿಳಿದವರು ನಿಂತು ಮಾಡಿಸಬೇಕು.

ಕಾನೂನಿನ ವಿಷಯವೂ ಗೊತ್ತಿರಲಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಪ್ರಕಾರ ಮಳೆಗಾಲಕ್ಕೆ ಮೊದಲೂ ನಂತರವೂ ತಪಾಸಣೆ ಕಡ್ಡಾಯ, ಆದರೆ ಅದು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ ಮತ್ತು ಕೆಲವು ಷರತ್ತುಗಳೊಂದಿಗೆ 10ರಿಂದ 15 ಮೀಟರ್‌ನವುಗಳಿಗೆ ಅನ್ವಯಿಸುತ್ತದೆ. ನಮ್ಮ ಕೊಡಗಿನ ಹಾರಂಗಿ ಅಣೆಕಟ್ಟು ಅದರ ವ್ಯಾಪ್ತಿಗೆ ಬರುತ್ತದೆ, ಏಳು ಮೀಟರ್‌ನ ನಮ್ಮ ಒಡ್ಡು ಬರುವುದಿಲ್ಲ. ಆದ್ದರಿಂದ ಯಾರೋ ಬಂದು ನೋಡುತ್ತಾರೆ ಎಂದು ಕಾಯದೆ ನಾವೇ ಲಿಖಿತವಾಗಿ ಕೇಳಬೇಕು.

ತೋಟದ ಬದಿಯ ನಿವಾಸಿ:
ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುವ ಮನೆಗಳು ಅನೇಕ. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು. ಒಡ್ಡಿನ ಮೇಲಿರುವ ಅಷ್ಟೂ ಬೆಟ್ಟದ ನೀರು ಒಂದೇ ರಾತ್ರಿ ಆ ಕೋಡಿಯ ಬಾಯಿಂದ ಹೊರಹೋಗಬೇಕು ಎಂಬುದನ್ನು ದಯವಿಟ್ಟು ಎಲ್ಲರೂ ಊಹಿಸಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಬರೆ (ಗುಡ್ಡದ ಇಳಿಜಾರು) ಕುಸಿದಾಗ ತೋಡುಗಳಲ್ಲಿ ನೀರಿಗಿಂತ ಮಣ್ಣು, ಮರದ ದಿಮ್ಮಿಗಳೇ ಹೆಚ್ಚಾಗಿ ಬಂದದ್ದನ್ನು ನಾವು ಕಣ್ಣಾರೆ ಕಂಡವರು. ಅಂಥ ಒಂದು ದಿಮ್ಮಿ ಅಡ್ಡ ಸಿಕ್ಕಿದರೂ ಈ ಕೋಡಿ ಮುಚ್ಚಿಹೋಗುತ್ತದೆ. ನನ್ನ ಮಳೆ ಪುಸ್ತಕವನ್ನು ಮನವಿಯ ಜೊತೆ ಕೊಡುತ್ತೇನೆ. ತೋಟದ ಬಾವಿಯಿಂದ ದಿನಕ್ಕೆ ಒಂದು ಟ್ಯಾಂಕರ್ ನೀರನ್ನೂ ಕೆಳಗಿನ ಸಾಲಿಗೆ ಕೊಡಬಲ್ಲೆ.

ಕೆಳಗಿನ ಅಡ್ಡರಸ್ತೆಯ ನಿವಾಸಿ:
ಅಣ್ಣ, ತುಂಬ ಉಪಕಾರವಾಯಿತು. ಟ್ಯಾಂಕರ್ ಬರುವುದಾದರೆ ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬಂದರೂ ನಮ್ಮ ಸಾಲಿನ ಒಂಬತ್ತು ಮನೆಯವರು ಸುಧಾರಿಸಿಕೊಳ್ಳುತ್ತೇವೆ. ಎಲ್ಲರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಆದರೆ ಮಳೆಗಾಲದ ರಾತ್ರಿ ಅಪಾಯವಾದರೆ ನಮಗೆ ತಿಳಿಸುವವರು ಯಾರು? ಕರೆಂಟ್ ಹೋದರೆ ಇಲ್ಲಿ ಮೊಬೈಲ್ ಸಿಗ್ನಲ್ ಕೂಡ ಇರುವುದಿಲ್ಲ.

ಸಂಘದ ಕಾರ್ಯದರ್ಶಿ:
ಮನವಿಯಲ್ಲಿ ನಾಲ್ಕು ವಿಷಯ ಬರೆಯುತ್ತೇನೆ: ಮಟ್ಟವನ್ನು ನಿಧಾನವಾಗಿ ಇಳಿಸುವುದು, ಅಣೆಕಟ್ಟಿನ ಕೆಲಸ ತಿಳಿದ ಎಂಜಿನಿಯರ್‌ರಿಂದ ನಮ್ಮ ಎದುರಲ್ಲೇ ತಪಾಸಣೆ, ಕೋಡಿಯ ಚೀಲಗಳನ್ನು ತೆಗೆಸುವುದು, ಒಡ್ಡಿನ ಬಳಿ ಕೈಯಿಂದ ತಿರುಗಿಸುವ ಸೈರನ್. ಜೂನ್‌ನಿಂದ ಇಬ್ಬಿಬ್ಬರು ಸರದಿಯಲ್ಲಿ ದಿನವೂ ಹೋಗಿ ಒಸರು ನೀರನ್ನು ಲೋಟದಲ್ಲಿ ಹಿಡಿದು, ಬಣ್ಣವನ್ನೂ ನೀರಿನ ಮಟ್ಟವನ್ನೂ ಪುಸ್ತಕದಲ್ಲಿ ಬರೆಯೋಣ. ಮೊದಲ ವಾರ ನಾನು ಹೋಗುತ್ತೇನೆ. ಸಹಿ ಹಾಕುವವರು ಬುಧವಾರ ಸಂಜೆ ಆರಕ್ಕೆ ನೀರಿನ ಟ್ಯಾಂಕಿನ ಹತ್ತಿರ ಬನ್ನಿ. ಆ ಲೋಟವನ್ನು ತಳದ ಮಣ್ಣಿನ ಸಮೇತ ಹಾಗೆಯೇ ಇಟ್ಟಿದ್ದೇನೆ, ಮನವಿ ಕೊಡುವಾಗ ತೋರಿಸಲು ತರುತ್ತೇನೆ.